ನಮಸ್ಕಾರ ಪ್ರಪಂಚ, ಬರ್ತೀನಿ

ಹಂದನಕೆರೆ ಸೀಮೆಯಲ್ಲಿ ಮೊದಲೆಲ್ಲ ಹವ್ಯಾಸ ಅಂದರೆ ಇಸ್ಪೀಟು, ನಾಟಕ, ಪಂಚಾಯ್ತಿ ರಾಜಕೀಯ. ಮೂರರಿಂದಲೂ ಊರಿಗೆ ಏನಾದರೊಂದು ದಕ್ಕುತ್ತಿತ್ತು, ಕೊನೇಪಕ್ಷ ಒಂದು ಜಗಳ. ಈಗ ನಾಲ್ಕನೆಯದು ಬಂದಿದೆ: ಹೊಸ ಆಪರೇಟಿಂಗ್ ಸಿಸ್ಟಂ ಹಾಕುವುದು. ಹಾಕಿ ಏನು ಮಾಡುತ್ತಾರೆ ಎಂದು ಕೇಳಬೇಡಿ. ತೆಗೆದು ಇನ್ನೊಂದು ಹಾಕುತ್ತಾರೆ.

ಈ ಹವ್ಯಾಸಿ ಎಲ್ಲ ಊರಲ್ಲೂ ಒಬ್ಬನಿದ್ದಾನೆ. ಕಂಪನಿ ಬೆಂಗಳೂರಿನದು, ಕೆಲಸ ಮನೆಯಿಂದ, ರಾತ್ರಿ ಮಾತ್ರ ಸಂಪೂರ್ಣ ಸ್ವಂತದ್ದು. ಅಪ್ಪ ನಡುರಾತ್ರಿ ತೋಟಕ್ಕೆ ಮೋಟರ್ ಹಾಕಲು ಎದ್ದಾಗ ಮಗನ ಕೋಣೆಯಲ್ಲಿ ಕರಿ ಪರದೆಯ ಮೇಲೆ ಹಸಿರು ಅಕ್ಷರ ಓಡುತ್ತಿರುತ್ತದೆ.

"ಏನ್ಲಾ ಅದು, ಇನ್ನೂ ಓಡ್ತಾನೇ ಐತೆ?"

"ಅಪ್‌ಡೇಟ್ ಕಣಪ್ಪ."

"ಮುಗುದ್ ಮ್ಯಾಕೆ ಏನಾಯ್ತದೆ?"

"ಇನ್ನೊಂದ್ ಬತ್ತದೆ."

ಉಬುಂಟು ವರ್ಷಕ್ಕೆ ಎರಡು ಸಲ, ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ, ಹೊಸ ಆವೃತ್ತಿ ಬಿಡುತ್ತದೆ. 24.04 ಅಂದರೆ 2024ರ ಏಪ್ರಿಲಿನದು. ಫೈಲು ಆರು ಜಿಬಿ ಆಸುಪಾಸು, ಮೊಬೈಲಿನಲ್ಲಿ ದಿನಕ್ಕೆ ಸಿಗುವ ಡೇಟಾ ಒಂದೂವರೆ ಜಿಬಿ. ಸಾಲದ ಕಂತಿನ ಹಾಗೆ ದಿನಾ ಇಷ್ಟಿಷ್ಟೇ ಇಳಿಸಿ, ಪೆನ್‌ಡ್ರೈವಿಗೆ ತುಂಬಿ, ಹಾಕಿ ನೋಡಿದರೆ ಎಲ್ಲವೂ ಸಲೀಸಾಗಿ ನಡೆಯುತ್ತದೆ. ಅಲ್ಲಿಗೆ ನಮ್ಮವನ ಮುಖ ಬಾಡಿತು. "ಇದನ್ನ ಯಾರು ಬೇಕಾದ್ರೂ ಬಳಸ್ಬೋದು" ಎನ್ನುತ್ತಾನೆ. ಅವನ ನಿಘಂಟಿನಲ್ಲಿ ಇದಕ್ಕಿಂತ ಕೆಟ್ಟ ಬೈಗುಳವಿಲ್ಲ. ಮುಂದಿನ ವಾರ ಆರ್ಚ್ ಲಿನಕ್ಸ್. ಅದರಲ್ಲಿ ವೈಫೈ ಬರಿಸಲಿಕ್ಕೂ ಆಜ್ಞೆ ಟೈಪು ಮಾಡಬೇಕು. ವೈಫೈ ಬಾರದೆ ಬೆಳಗಾಯಿತು. ಅಷ್ಟು ಸಂತೋಷವಾಗಿ ಅವನನ್ನು ಮನೆಯವರು ಎಂದೂ ನೋಡಿರಲಿಲ್ಲ.

ಒಂದು ಕಾಲದಲ್ಲಿ ಉಬುಂಟು ಸಿಡಿಗಳು ಬಿಟ್ಟಿಯಾಗಿ ಅಂಚೆಯಲ್ಲಿ ಮನೆಗೇ ಬರುತ್ತಿದ್ದವು. 2011ರಲ್ಲಿ ಆ ದಾನ ನಿಂತಿತು. ಆಗ ತರಿಸಿದ್ದನ್ನು ಅಪ್ಪ ದಾರ ಕಟ್ಟಿ ರಾಗಿ ಹೊಲದಲ್ಲಿ ಹಕ್ಕಿ ಬೆದರಿಸಲು ತೂಗುಹಾಕಿದ್ದರು. ಮಗನ ಲ್ಯಾಪ್‌ಟಾಪಿನಲ್ಲಿ ಇದ್ದುದಕ್ಕಿಂತ ಹೆಚ್ಚು ದಿನ ಅವು ಅಲ್ಲಿ ದುಡಿದವು.

ಇದೆಲ್ಲ ನಡೆಯುವುದು ಎಂಥ ಮನೆಯಲ್ಲಿ ಅಂತೀರಿ? ಕಾಯಿ ಕೆಡವಿ ಅಟ್ಟಕ್ಕೆ ಹಾಕಿ, ಹತ್ತು ಹನ್ನೊಂದು ತಿಂಗಳು ಅದರ ಪಾಡಿಗೆ ಒಣಗಲು ಬಿಟ್ಟು, ಆಮೇಲೆ ಸುಲಿದು ಒಡೆದು ಉಂಡೆ ಕೊಬ್ಬರಿ ತಿಪಟೂರು ಮಾರುಕಟ್ಟೆಗೆ ಸಾಗಿಸುವ ಮನೆಯಲ್ಲಿ. ವಾರಕ್ಕೊಮ್ಮೆ ಕಾಯಿ ಬದಲಿಸಿದ್ದರೆ ಈ ಸೀಮೆಯಲ್ಲಿ ಕೊಬ್ಬರಿಯೇ ಹುಟ್ಟುತ್ತಿರಲಿಲ್ಲ.

ಪ್ರೋಗ್ರಾಮಿಂಗ್ ಭಾಷೆಗಳ ಕಥೆಯೂ ಇದೇ. ಕರ್ನಿಗನ್ ಮತ್ತು ರಿಚಿ 1978ರಲ್ಲಿ ಸಿ ಭಾಷೆಯ ಪುಸ್ತಕ ಬರೆದಾಗ, ಪ್ರಪಂಚಕ್ಕೆ ನಮಸ್ಕಾರ ಹೇಳುವ ಸಣ್ಣ ಪ್ರೋಗ್ರಾಮನ್ನು ಮೊದಲ ಪಾಠವಾಗಿ ಕೊಟ್ಟರು. ನಮ್ಮವನು ಅದನ್ನೇ ಕೊನೆಯ ಪಾಠ ಮಾಡಿಕೊಂಡಿದ್ದಾನೆ. ಪೈಥಾನ್, ಗೋ, ರಸ್ಟ್, ಜಿಗ್, ಎಲ್ಲದರಲ್ಲೂ ಪ್ರಪಂಚಕ್ಕೆ ನಮಸ್ಕಾರ ಹೇಳಿ ಎದ್ದುಬಂದ. ಕುಶಲ ವಿಚಾರಿಸಲು ಯಾವುದರಲ್ಲೂ ಕೂರಲಿಲ್ಲ. ಒಮ್ಮೆ ಭಾಷಾಭಿಮಾನ ಉಕ್ಕಿ ಆ ನಮಸ್ಕಾರವನ್ನು ಕನ್ನಡದಲ್ಲೇ ಹೊಡೆದ. ಬಹುತೇಕ ಟರ್ಮಿನಲ್‌ಗಳಲ್ಲಿ ಕನ್ನಡದ ಒತ್ತಕ್ಷರ ಸರಿಯಾಗಿ ಕೂರುವುದಿಲ್ಲ. ಸ ಒಂದು ಕಡೆ, ಕ ಒಂದು ಕಡೆ ಚೆಲ್ಲಿಹೋಯಿತು. ಇದೊಂದನ್ನು ಸರಿಮಾಡಿದ್ದರೆ ಆರು ಕೋಟಿ ಜನಕ್ಕೆ ಉಪಕಾರವಾಗುತ್ತಿತ್ತು. ಅವನು ಸರಿಮಾಡಿದ್ದು ಪರದೆಯ ಬಣ್ಣವನ್ನು.

ಈಗ ಪೇಟೆ ಬೀದಿಯ ಡಿಟಿಪಿ ಅಂಗಡಿಗೆ ಬನ್ನಿ. ಅಲ್ಲಿನ ಅಕ್ಕ ಬಳಸುವುದು ಪೇಜ್‌ಮೇಕರ್ 7, ಅಡೋಬಿ 2001ರಲ್ಲಿ ಬಿಟ್ಟ ಕೊನೆಯ ಆವೃತ್ತಿ. ಅದಕ್ಕೆ ಯೂನಿಕೋಡ್ ತಿಳಿಯದು. ಹಳೇ ನುಡಿ ಫಾಂಟೇ ಗತಿ. ನಮ್ಮವನು ಆ ಅಂಗಡಿ ಮುಂದೆ ಹಾದುಹೋಗುವಾಗ ಮ್ಯೂಸಿಯಂ ನೋಡಿದ ಹಾಗೆ ನಗುತ್ತಾನೆ. ಆದರೆ ಹೋಬಳಿಯ ಲಗ್ನಪತ್ರಿಕೆ, ತಿಥಿ ಕಾರ್ಡು, ಜಾತ್ರೆ ಕರಪತ್ರ ಹೊರಡುವುದು ಆ ಮ್ಯೂಸಿಯಮ್ಮಿನಿಂದಲೇ. ನಮ್ಮವನ ಕೋಣೆಯಿಂದ ಈವರೆಗೆ ಹೊರಟಿರುವುದು ಟೀ ಲೋಟ.

ನಾಟಕ ಸಂಘದವರಿಗೆ ಇದು ಗೊತ್ತಿರಲಿಲ್ಲ. ಹಿಂದೆಂದೋ ನುಡಿಯಲ್ಲಿ ಟೈಪು ಮಾಡಿಸಿದ್ದ ಕುರುಕ್ಷೇತ್ರದ ಮಾತುಗಳು ಮೊಬೈಲಿನಲ್ಲಿ ಓದಲು ಬರುತ್ತಿಲ್ಲ ಎಂದು ಪೆನ್‌ಡ್ರೈವ್ ಹಿಡಿದು ಬಂದರು. ತೆರೆದರೆ ಇಂಗ್ಲಿಷ್ ಅಕ್ಷರಕ್ಕೆ ಕೊಂಬು ಮೂಡಿದ ಏನೇನೋ ಆಕಾರ. ಆ ಹಳೇ ವ್ಯವಸ್ಥೆಯಲ್ಲಿ 'ನ' ಇರುವ ಜಾಗದಲ್ಲಿ ಕಂಪ್ಯೂಟರಿಗೆ ಕಾಣುವುದು ಬ್ರಿಟಿಷರ ಪೌಂಡ್ ಚಿಹ್ನೆ. ಅರ್ಜುನನ ಹೆಸರಿಗೂ ಪೌಂಡು, ದುರ್ಯೋಧನನ ಹೆಸರಿಗೂ ಪೌಂಡು. "ಇದು ಫೈಲಿನ ತಪ್ಪು, ನಂದಲ್ಲ" ಎಂದು ನಮ್ಮವನು ಪೆನ್‌ಡ್ರೈವ್ ವಾಪಸು ಕೊಟ್ಟ. ಆ ರಾತ್ರಿ ಫೆಡೋರಾ ಹಾಕಿದ.

ಹವ್ಯಾಸವೇ ಕೆಟ್ಟದ್ದು ಅಂದುಕೊಂಡು ಅಪ್ಪಂದಿರು ತಲೆಯಾಡಿಸುವುದು ಬೇಡ. ಕನ್ನಡ ಕಂಪ್ಯೂಟರಿಗೆ ಇಳಿದದ್ದೇ ಇಂಥ ಗೀಳಿನವರಿಂದ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸದ ಮೇಲೆಯೇ ಇವತ್ತಿಗೂ ನಾಡಿನ ಬೆರಳು ಆಡುತ್ತಿರುವುದು. ಶೇಷಾದ್ರಿವಾಸು 1998ರಲ್ಲಿ ಬರಹ ತಂತ್ರಾಂಶ ಬಿಟ್ಟಾಗ ವಿದೇಶದಲ್ಲಿದ್ದ ಕನ್ನಡಿಗರೂ ಅದರಲ್ಲಿ ಕಾಗದ ಬರೆದರು. ಅರವಿಂದ ವಿ.ಕೆ. ಕೈಬರಹದಂತಿರುವ ನವಿಲು ಫಾಂಟು ಮಾಡಿದರು. ನುಡಿಯ ಹಳೇ ಅಕ್ಷರಗಳನ್ನು ಯೂನಿಕೋಡಿಗೆ ಬದಲಿಸುವ ಮುಕ್ತ ತಂತ್ರಾಂಶವನ್ನೂ ಬರೆದಿಟ್ಟರು. ಅವರಿಗೆ ಕಂಡದ್ದು ಒಂದೊಂದು ಬೇಸರದ ಕೆಲಸ. ಮುಗಿಯುವ ತನಕ ಎದ್ದುಹೋಗಲಿಲ್ಲ. ಇನ್ನೊಂದು ಮಾತು: ಯೂನಿಕೋಡಿಗೆ ಕನ್ನಡ ಸೇರಿದ್ದು 1991ರಲ್ಲಿ. ಮೂವತ್ತು ವರ್ಷ ದಾಟಿದರೂ ಹಳೇ ಫಾಂಟು ಬಿಡದ ಕಚೇರಿಗಳಿವೆ; ಅವರ ತಾಳ್ಮೆಯಲ್ಲಿ ಕಾಲುಭಾಗ ನಮ್ಮ ಹುಡುಗನಿಗಿದ್ದರೆ ಸಾಕಿತ್ತು.

ಹಂದನಕೆರೆ, ಚಿಕ್ಕನಾಯಕನಹಳ್ಳಿ, ತುರುವೇಕೆರೆ ಕಡೆಯ ಸಮಸ್ತ ಹವ್ಯಾಸಿಗಳಲ್ಲಿ ಒಂದು ಬಿನ್ನಹ. ಪರಿವರ್ತಿಸುವ ತಂತ್ರಾಂಶ ಬಿಟ್ಟಿಗೆ ಸಿಗುತ್ತದೆ, ನಾಟಕ ಸಂಘದವರು ಇನ್ನೂ ಪೆನ್‌ಡ್ರೈವ್ ಜೇಬಿನಲ್ಲಿ ಇಟ್ಟುಕೊಂಡೇ ತಿರುಗುತ್ತಿದ್ದಾರೆ. ಒಂದು ಸಂಜೆ ಕೂತು ಅರ್ಜುನನನ್ನೂ ದುರ್ಯೋಧನನನ್ನೂ ಕನ್ನಡಕ್ಕೆ ತನ್ನಿ. ವಿಂಡೋಸ್‌ನಲ್ಲೇ ಮಾಡಿದರೂ ಆದೀತು, ನಾವು ಯಾರಿಗೂ ಹೇಳುವುದಿಲ್ಲ.