ಪೂರ್ತಿ ಹಾಡಿಗೆ ಯಾವ ಸುಂಡಲ್?

ದೊಡ್ಡವರ ಬಾಯಿ ಮುಚ್ಚಿಸಿದ ಹುಡುಗನಿಗೆ ಬೆಟ್ಟ ಸಿಕ್ಕಲ್ಲೆಲ್ಲ ಗುಡಿ ಕಟ್ಟಿದ ನಾಡು ತಮಿಳುನಾಡು. ಓಂಕಾರದ ಅರ್ಥ ಹೇಳಲಾರದ ಬ್ರಹ್ಮನನ್ನು ಸೆರೆಗೆ ತಳ್ಳಿ, 'ಹಾಗಾದರೆ ನೀನೇ ಹೇಳು' ಎಂದ ಅಪ್ಪನನ್ನು ಶಿಷ್ಯನ ಹಾಗೆ ಕೂರಿಸಿಕೊಂಡು ಪಾಠ ಮಾಡಿದ ಮುರುಗನ ಕಥೆಯನ್ನು ಅಲ್ಲಿ ಮೊಸರನ್ನದ ಜೊತೆಗೇ ತಿನ್ನಿಸುತ್ತಾರೆ. ನೇರಳೆ ಮರದ ಮೇಲೆ ಕೂತ ದನಕಾಯುವ ಹುಡುಗ ಅವ್ವೈಯಾರ್ ಅಜ್ಜಿಗೆ 'ಬಿಸಿ ಹಣ್ಣು ಬೇಕಾ, ಬಿಸಿಯಿಲ್ಲದ್ದಾ?' ಅಂತ ಕೇಳಿದ ಕಥೆ ಇನ್ನೊಂದು. ಹಣ್ಣಿಗೆಂಥ ಬಿಸಿ ಅಂತ ಅಜ್ಜಿ ನಕ್ಕಳು. ಕೆಳಗೆ ಬಿದ್ದ ಹಣ್ಣಿಗೆ ಮೆತ್ತಿದ ಮಣ್ಣನ್ನು ಅವಳು ಉಫ್ ಉಫ್ ಅಂತ ಊದುವಾಗ, 'ಯಾಕಜ್ಜಿ, ತುಂಬಾ ಸುಡ್ತಾ ಇದೆಯಾ?' ಅಂದ. ಆ ಹುಡುಗನೂ ಮುರುಗನೇ. ಇಂಥ ಕಥೆ ಹೇಳಿ ಬೆಳೆಸಿ, ಆಮೇಲೆ 'ಎದುರು ಮಾತಾಡಬೇಡ' ಅಂದರೆ ಯಾವ ಮಗು ಕೇಳೀತು?

ನನ್ನ ತಂಗಿಯನ್ನು ಕೊಟ್ಟಿರುವುದು ಚೆನ್ನೈನ ಪಶ್ಚಿಮ ಮಾಂಬಲದ ಒಂದು ತಮಿಳು ಮನೆಗೆ. ಮಕ್ಕಳಿಬ್ಬರು. ದೊಡ್ಡವನಿಗೆ ಏಳು, ಚಿಕ್ಕವಳಿಗೆ ಐದು. ಮನೆಮಾತು ತಮಿಳು. ಕನ್ನಡ ಏನಿದ್ದರೂ ಅತ್ತೆಗೆ ತಿಳಿಯಬಾರದ ವಿಷಯಗಳಿಗೆ, ಬಹುಪಾಲು ಅತ್ತೆಯ ವಿಷಯಕ್ಕೇ, ಮೀಸಲು. ಈ ಏರ್ಪಾಡನ್ನು ಚಿಕ್ಕವಳು ಒಂದು ದಿನ ಊಟದ ಹೊತ್ತಿನಲ್ಲಿ ಹಾಳು ಮಾಡಿದಳು. "ಪಾಟ್ಟಿಗೆ ಕನ್ನಡ ಬರುತ್ತೆ ಪೆರಿಯಮ್ಮಾ. ಬರಲ್ಲ ಅಂತ ಸುಮ್ಮನಿರ್ತಾಳೆ. ಬರುತ್ತೆ ಅಂದ್ರೆ ಅಮ್ಮ ಮಾತು ನಿಲ್ಲಿಸಿಬಿಡ್ತಾಳಲ್ಲ!" ತಂಗಿಯ ಕೈಲಿದ್ದ ಸಾರಿನ ಸೌಟು ನಿಂತಲ್ಲೇ ನಿಂತಿತು. ಪಾಟ್ಟಿ ಮಾತ್ರ ಏನೂ ಅರ್ಥವಾಗದವರ ಹಾಗೆ, ಇನ್ನೂ ಸ್ವಲ್ಪ ತುಪ್ಪ ಹಾಕು ಅಂದರು.

ಕುಂಭಕೋಣದ ಹತ್ತಿರದ ಸ್ವಾಮಿಮಲೈಗೆ ಇವರನ್ನೆಲ್ಲ ಕರೆದುಕೊಂಡು ಹೋಗಿದ್ದೆವು. ಮುರುಗ ಅಪ್ಪನಿಗೆ ಪಾಠ ಹೇಳಿದ ಜಾಗ ಅದೇ. 60 ಸಂವತ್ಸರಗಳ ಲೆಕ್ಕಕ್ಕೆ 60 ಮೆಟ್ಟಿಲು. ಅರ್ಧ ದಾರಿಯಲ್ಲಿ ಚಿಕ್ಕವಳು ಕೂತುಬಿಟ್ಟಳು. "ಪಾಠ ಹೇಳಿಸಿಕೊಳ್ಳೋಕೆ ಇಷ್ಟೂ ಮೆಟ್ಟಿಲು ಹತ್ತಿದ್ದು ಅಪ್ಪನಾ? ನಮ್ಮನೆಲಿ ಯಾಕೆ ಟ್ಯೂಷನ್ನಿಗೆ ನಾನು ಹೋಗ್ತೀನಿ?" ಅವಳಪ್ಪನಿಗೆ ಅದೇ ಹೊತ್ತಿಗೆ ಫೋನು ಬಂತು, ಅಥವಾ ಬಂದಂತೆ ಮಾಡಿದ.

ಅಮಾವಾಸ್ಯೆಯ ದಿನ ಪಾಟ್ಟಿ ಬಾಲ್ಕನಿಯ ಗೋಡೆಯ ಮೇಲೆ ಕಾಗೆಗೆ ಅನ್ನ, ವಡೆ, ಪಾಯಸ ಇಡುತ್ತಾರೆ. ಕಾಗೆಯಾಗಿ ಬರುವುದು ಕೊಳ್ಳುತಾತ, ಅಂದರೆ ಮುತ್ತಜ್ಜ, ಅಂತ ಮಕ್ಕಳಿಗೆ ಹೇಳಿದ್ದಾಗಿದೆ. ದೊಡ್ಡವನು ಎಲೆಯನ್ನು ಪರೀಕ್ಷಿಸಿ ನೋಡಿ, "ಕೊಳ್ಳುತಾತನಿಗೆ ಶುಗರ್ ಇತ್ತು ಅಂದಿದ್ರಿ. ಪಾಯಸ ಯಾಕೆ?" ಅಂದ. ಪಾಟ್ಟಿ ತಬ್ಬಿಬ್ಬಾದರು. ಪಾಯಸ ತೆಗೆದರೆ ಶಾಸ್ತ್ರಕ್ಕೆ ಲೋಪ, ಇಟ್ಟರೆ ವೈದ್ಯಕ್ಕೆ. ಕಡೆಗೆ ಕಾಗೆ ವಡೆಯನ್ನಷ್ಟೇ ಕಚ್ಚಿಕೊಂಡು ಹಾರಿತು. "ನೋಡು, ಪಥ್ಯ ಬಿಟ್ಟಿಲ್ಲ" ಅಂದ.

ಮಕ್ಕಳನ್ನು ಹೊಗಳುವುದನ್ನು ಒಂದು ಕಾವ್ಯಪ್ರಕಾರವನ್ನೇ ಮಾಡಿಕೊಂಡ ಭಾಷೆ ತಮಿಳು. ಅದರ ಹೆಸರು ಪಿಳ್ಳೈತ್ತಮಿಳ್. ದೇವರನ್ನೋ ರಾಜನನ್ನೋ ಮಗುವೆಂದುಕೊಂಡು, ತಲೆ ಎತ್ತಿ ಆಡುವುದು, ಚಪ್ಪಾಳೆ ತಟ್ಟುವುದು, ಮುತ್ತು ಕೊಡುವುದು ಅಂತ ಹತ್ತು 'ಪರುವ'ಗಳಲ್ಲಿ ಹಾಡುತ್ತಾರೆ. 12ನೇ ಶತಮಾನದಲ್ಲೇ ಒಟ್ಟಕ್ಕೂತ್ತರ್ ಎಂಬ ಕವಿ ಇಮ್ಮಡಿ ಕುಲೋತ್ತುಂಗ ಚೋಳನನ್ನು ಹೀಗೆ ತೊಟ್ಟಿಲಿಗೆ ಹಾಕಿದ್ದ. ನನಗೆ ಮೆಚ್ಚಿಗೆಯಾದದ್ದು 'ಅಂಬುಲಿ' ಪರುವ. ಮಗುವಿನ ಜೊತೆ ಆಡಲು ಬಾ ಅಂತ ಚಂದ್ರನನ್ನು ಕರೆಯುವುದು, ಅದೂ ಸಾಮ, ದಾನ, ಭೇದ, ದಂಡ ನಾಲ್ಕನ್ನೂ ಬಳಸಿ. ಆದರೆ ಈ ಹತ್ತರಲ್ಲಿ ಮಗು ಪ್ರಶ್ನೆ ಕೇಳುವ ಪರುವ ಒಂದೂ ಇಲ್ಲ. ಕವಿಗಳು ಜಾಣರು, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿದ್ದಾರೆ.

ಅಲ್ಲಿಂದ ಮುಂದಿನದನ್ನು ನಾನು ಮರೀನಾದ ಮರಳಿನಲ್ಲಿ ಕಂಡೆ. ಚಿಕ್ಕವಳು ಮರಳಿನಲ್ಲಿ ಮನೆ ಕಟ್ಟುತ್ತಿದ್ದಳು, ದೊಡ್ಡವನಿಗೆ ಕುದುರೆ ಸವಾರಿ ಬೇಕಿತ್ತು. ಮೊದಲು ಸಾಮ: "ನಿನ್ನಂಥ ತಾತ ನಮ್ಮ ಕ್ಲಾಸಲ್ಲಿ ಯಾರಿಗೂ ಇಲ್ಲ." ತಾತ ಸಮುದ್ರ ನೋಡಿದರು. ದಾನ: "ರಾತ್ರಿ ಕಾಲು ಒತ್ತುತೀನಿ, ಎರಡೂ." ತಾತ ಇನ್ನೂ ದೂರದ ಸಮುದ್ರ ನೋಡಿದರು. ಭೇದ: "ಪಾಟ್ಟಿ ನಿನ್ನನ್ನ ಜಿಪುಣ ಅಂತಾಳೆ. ನಾನೊಬ್ಬನೇ ಅಲ್ಲ ಅಂತ ಜಗಳ ಆಡೋದು." ತಾತನ ಕೈ ಜೇಬಿನವರೆಗೆ ಹೋಗಿ ಹಿಂದೆ ಬಂತು. ಹುಡುಗ ಆ ಕೈಯನ್ನೇ ಹಿಡಿದು ಮೂಗಿನ ಹತ್ತಿರ ತಂದುಕೊಂಡ. ಡಾಕ್ಟರು ಕರಿದದ್ದು ಮುಟ್ಟಬೇಡಿ ಅಂದ ಮೇಲೆ ತಾತ ಸಂಜೆಯ ವಾಕಿಂಗನ್ನು ಬಹಳ ಶ್ರದ್ಧೆಯಿಂದ ಮಾಡುತ್ತಿದ್ದರು. "ಮೆಣಸಿನಕಾಯಿ ಬಜ್ಜಿ ವಾಸನೆ ಸೋಪು ಹಾಕಿ ತೊಳೆದ್ರೇನೇ ಹೋಗೋದು. ಇಲ್ಲಿ ಸೋಪು ಸಿಗಲ್ಲ ಅಲ್ವಾ ತಾತಾ?" ಅಂದ, ದನಿಯಲ್ಲಿ ಪೂರ್ತಿ ಕಾಳಜಿ. ಕುದುರೆ ಎರಡು ಸುತ್ತು ಹೊಡೆಯಿತು.

ಶಾಲೆಯಲ್ಲಿ ತಿರುಕ್ಕುರಳ್ ಬಾಯಿಪಾಠ ಮಾಡಿಸುತ್ತಾರೆ. ಇರುವುದು 1330. ಒಂದೊಂದೂ ಎರಡೇ ಸಾಲು, ಏಳೇ ಪದ. ಅದರಿಂದ ದೊಡ್ಡವನಿಗೆ ದಕ್ಕಿದ ಲಾಭವೆಂದರೆ, ಅಪ್ಪ ಬೈಯಲು ಶುರು ಮಾಡಿ ಐದು ನಿಮಿಷವಾದಾಗ "ಅಪ್ಪಾ, ಕುರಳ್ ಥರ ಬೈ" ಅನ್ನಬಹುದು.

ಇಂಥ ಮಾತುಗಳು ಮುದ್ದಾಗಿವೆ ಅಂತ ನಾವು ನಗುತ್ತೇವೆ. ಅವರೇನೂ ತಮಾಷೆ ಮಾಡುತ್ತಿರುವುದಿಲ್ಲ, ವ್ಯವಹಾರ ಮಾಡುತ್ತಿರುತ್ತಾರೆ. ನವರಾತ್ರಿಯಲ್ಲಿ ಇದು ಇನ್ನೂ ನಿಚ್ಚಳ. ಗೊಲು, ಅಂದರೆ ಕೂರಿಸಿದ ಬೊಂಬೆ, ನೋಡಲು ಹೋದ ಮನೆಯಲ್ಲೆಲ್ಲ ಮಕ್ಕಳು ಹಾಡಬೇಕು, ಆಮೇಲೆ ಕಾಳಿನ ಸುಂಡಲ್. ಚಿಕ್ಕವಳು ಚಾಪೆಯ ಮೇಲೆ ಕೂರುವ ಮೊದಲೇ "ಇವತ್ತು ಯಾವ ಸುಂಡಲ್ ಮಾಮಿ?" ಅಂತ ಕೇಳುತ್ತಾಳೆ. ಕಡಲೆಕಾಳಾದರೆ ಪೂರ್ತಿ ಹಾಡು. ಹೆಸರುಕಾಳಾದರೆ ಪಲ್ಲವಿ ಮಾತ್ರ.

ಗೊಲುವಿನಲ್ಲಿ ದಿನಸಿ ಅಂಗಡಿ ಇಟ್ಟುಕೊಂಡು ಕೂತ ಡೊಳ್ಳುಹೊಟ್ಟೆಯ ಚೆಟ್ಟಿಯಾರ್ ಬೊಂಬೆಯಿರುತ್ತದೆ. ಅದನ್ನು ನೋಡಿ ಅವಳು ಹಿಂದೊಮ್ಮೆ, "ಒಂಬತ್ತು ದಿನದಿಂದ ಒಬ್ಬರೂ ಏನೂ ಕೊಂಡಿಲ್ಲ, ಆದರೂ ನಗ್ತಾನಲ್ಲ?" ಅಂದಿದ್ದಳಂತೆ. ಬ್ಯಾಂಕಿನಲ್ಲಿ ಸಾಲದ ವಿಭಾಗದಲ್ಲಿದ್ದು ನಿವೃತ್ತರಾದ ತಾತನಿಗೆ ಈ ಪ್ರಶ್ನೆ ನೇರ ಎದೆಗೇ ತಾಗಿದೆ. ಬಂದವರಿಗೆಲ್ಲ ಹೇಳುತ್ತಾರೆ, ಹೇಳಿದಷ್ಟೂ ಸಲ ಚೂರು ಹೊಳಪು ಕೊಡುತ್ತಾರೆ. ನಾನಿದ್ದಾಗಲೂ ಮಾಮಿಯರ ಗುಂಪಿಗೆ ಶುರು ಮಾಡಿದರು. "ಆಗ ಇವಳಿಗೆ ಎರಡೂವರೆ ವರ್ಷ, ಕೇಳಿ..."

ಚಿಕ್ಕವಳು ಸುಂಡಲ್ ಅಗಿಯುವುದನ್ನು ನಿಲ್ಲಿಸಿದಳು. "ಹೋದ ಗೊಲುವಿನಲ್ಲಿ ಮೂರು ವರ್ಷ ಅಂದಿದ್ದೆ ತಾತಾ. ಹೀಗೇ ಇಳಿಸ್ತಾ ಹೋದ್ರೆ, ಇನ್ನೊಂದಷ್ಟು ಗೊಲು ಆಗೋ ಹೊತ್ತಿಗೆ ನಾನು ಹುಟ್ಟೇ ಇರಲ್ಲ!"