ಒಂದೇ ಮನೆ, ಎರಡು ನಾಲಿಗೆ

ಅಲ್ಲ ಅಕ್ಕಾ, ಮೊಮ್ಮಗನ ದವಡೆಹಲ್ಲು ಹುಳುಕಾಯ್ತು ಅಂತ ಬೆಳಿಗ್ಗೆಯಿಂದ ಬೈತಾನೇ ಇದೀರಲ್ಲ. ‘ಬೆಲ್ಲದ ಡಬ್ಬಿಗೆ ಅಂಟಿಕೊಂಡೇ ಹುಟ್ಟಿದಾನೆ’ ಅಂದಿದ್ದು ಬೇಲಿ ಈಚೆಗೂ ಕೇಳಿಸ್ತು. ಮೊಮ್ಮಗಳ ಹಲ್ಲು ನೋಡಿದ್ರೆ ಒಂದೂ ಕೆಟ್ಟಿಲ್ಲ. ಒಂದೇ ಅಡುಗೆ, ಒಂದೇ ನೀರು. ಅವನದನ್ನ ಬರೀ ಚಪಲ ಅನ್ನೋಕೆ ನನಗೆ ಮನಸ್ಸು ಬರಲ್ಲ. ಅವನ ನಾಲಿಗೆಯೇ ಬೇರೆ ಇರಬಹುದು.

1931ರಲ್ಲಿ ಅಮೆರಿಕದ ಡುಪಾಂಟ್ ಪ್ರಯೋಗಾಲಯದಲ್ಲಿ ಆರ್ಥರ್ ಫಾಕ್ಸ್ ಅನ್ನೋರ ಕೈಯಿಂದ ಪಿಟಿಸಿ ಅನ್ನೋ ಪುಡಿ ಗಾಳಿಗೆ ಹಾರ್ತು. ಜೊತೆಗಿದ್ದವರು ಬಾಯೆಲ್ಲ ಕಹಿ ಅಂದ್ರು. ಫಾಕ್ಸ್ ಮಾತ್ರ ಪುಡಿನ ನಾಲಿಗೆ ಮೇಲೇ ಹಾಕ್ಕೊಂಡ್ರೂ ಸಪ್ಪೆ! ಇದು ವಂಶವಾಹಿಯಲ್ಲೇ ಬರೋದು ಅಂತ ಆಮೇಲೆ ತಿಳೀತು. ಅಮ್ಮನಿಂದ ಒಂದು ಪ್ರತಿ, ಅಪ್ಪನಿಂದ ಒಂದು. ಎರಡೂ ಮಂದವಾಗಿದ್ರೆ ಮಗುವಿಗೆ ಆ ಕಹಿ ಹತ್ತೋದೇ ಕಷ್ಟ. ಅಪ್ಪ ಅಮ್ಮ ಇಬ್ಬರಿಗೂ ಕಹಿ ತಿಳಿಯೋ ಮನೇಲೂ ಇಂಥ ಮಗು ಹುಟ್ಟಬಹುದು.

ಇಂಥ ನಾಲಿಗೆಯವರಿಗೆ ಸಿಹಿಯೂ ಜಾಸ್ತಿ ಬೇಕಾಗುತ್ತೆ, ಅಂಥ ಮಕ್ಕಳಲ್ಲಿ ಹುಳುಕೂ ಹೆಚ್ಚು ಅಂತ ಹಲವು ಅಧ್ಯಯನಗಳು ಹೇಳಿವೆ. ಎಲ್ಲವೂ ಒಪ್ಪಿಲ್ಲ, ಅದನ್ನೂ ಹೇಳಬೇಕು. 2010ರಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದವರು ಮನೆಮನೆಯವರನ್ನೇ ಪರೀಕ್ಷಿಸಿ, ಕಹಿಯ ಜೀನ್‌ಗೂ ಸಿಹಿಯ ಜೀನ್‌ಗೂ ಹುಳುಕಿನ ಜೊತೆ ನಂಟು ಕಂಡರು.

ಹುಡುಗಿ ನಾಲಿಗೆಗೆ ಕಹಿ ಹತ್ತೋದಾದ್ರೆ ಹಾಗಲಕಾಯಿ ಗೊಜ್ಜು ಹೇಗೆ ಚಪ್ಪರಿಸ್ತಾಳೆ ಅಂತೀರಾ? ಹಾಗಲದ ಕಹಿ ಬೇರೆ. ಕಹಿ ಹಿಡಿಯೋಕೆ ನಮಗೆ ಸುಮಾರು 25 ಬಗೆಯ ಗ್ರಾಹಕಗಳಿವೆ, ಈ ಪಿಟಿಸಿಯದು ಎಲೆಕೋಸು, ನವಿಲುಕೋಸು, ಸಾಸಿವೆ ಜಾತಿಯ ಕಹಿ ಹಿಡಿಯುತ್ತೆ. ಕೋಸಿನ ಪಲ್ಯವನ್ನ ಅವಳು ತಟ್ಟೆಯಂಚಿಗೆ ತಳ್ಳಿದ್ರೆ ಹಟಮಾರಿ ಅಂತೀರಿ, ಅವನು ತಕರಾರಿಲ್ಲದೆ ತಿಂದ್ರೆ ಜಾಣ ಅಂತೀರಿ. ಆ ಜಾಣ ನಾಲಿಗೆಯೇ ಅವನ ಹಲ್ಲಿಗೆ ಮುಳುವಾಗಿರಬಹುದು, ಯಾರು ಕಂಡ್ರು!

ಹಾಗಂತ ಹಣೆಬರಹ ಅಂತ ಕೈಕಟ್ಟಿ ಕೂರೋದು ಬೇಡ. ಸಿಹಿ ಸಿಕ್ಕ ತಕ್ಷಣ ಬಾಯಲ್ಲಿರೋ ಬ್ಯಾಕ್ಟೀರಿಯಾಗಳು ಆಮ್ಲ ಮಾಡ್ತವೆ. ಎಂಜಲು ಅದನ್ನ ತೊಳೆದು ಸರಿ ಮಾಡೋಕೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಅಷ್ಟರೊಳಗೆ ಇವನು ಒಳಗೆ ಬಂದು ಜೋನಿಬೆಲ್ಲಕ್ಕೆ ಬೆರಳದ್ದಿ ನೆಕ್ಕಿ ಓಡ್ತಾನೆ, ಮತ್ತೆ ಬರ್ತಾನೆ, ಮತ್ತೆ ನೆಕ್ತಾನೆ. ಹಲ್ಲಿಗೆ ಬಿಡುವೇ ಇಲ್ಲ. ಎಷ್ಟು ತಿಂದ ಅನ್ನೋದಕ್ಕಿಂತ ಎಷ್ಟು ಸಲ ತಿಂದ ಅನ್ನೋದೇ ದೊಡ್ಡದು, ಅಕ್ಕಾ. ದೋಸೆ ಜೊತೆ ಹೊಟ್ಟೆತುಂಬ ಹಾಕಿಬಿಡಿ, ಆಮೇಲೆ ಭರಣಿ ಅಟ್ಟದ ಮೇಲಿರಲಿ. ರಾತ್ರಿ ಫ್ಲೋರೈಡ್ ಇರೋ ಪೇಸ್ಟಲ್ಲಿ ಉಜ್ಜಿಸಿ, ಆಮೇಲೆ ನೀರು ಬಿಟ್ಟು ಬೇರೇನೂ ಬೇಡ.

ಮತ್ತೆ, ಹಾಲುಹಲ್ಲು ತಾನೇ ಅಂತ ಸುಮ್ಮನಿರಬೇಡಿ. ಆರನೇ ವರ್ಷದ ಸುಮಾರಿಗೆ ಹಿಂದೆ ಹುಟ್ಟೋ ದವಡೆಹಲ್ಲು ಕಾಯಂ ಹಲ್ಲು, ಹೋದ್ರೆ ಮತ್ತೆ ಬರಲ್ಲ. ನಾಳೆ ಶಿಕಾರಿಪುರಕ್ಕೆ ಹೋಗಿ ಹಲ್ಲಿನ ಡಾಕ್ಟರಿಗೆ ತೋರಿಸಿ. ಅಂಜನಾಪುರದಿಂದ ಅದೇನು ದೂರನಾ?