ಸರ್ವರ್ ಡೌನ್ ಆದಾಗ

ಹಾಲಿವುಡ್ಡಿನ ಹಳೆಯ ಪ್ರೇಮಿಗಳಿಗೆ ಬೆಳದಿಂಗಳು, ಉದ್ಯಾನವನ ಬೇಕೇ ಇರಲಿಲ್ಲ. ಎರಡು ಮೇಜು, ಒಂದಿಷ್ಟು ಫೈಲು, ತಲೆ ತಿನ್ನುವ ಒಬ್ಬ ಸಾಹೇಬರಿದ್ದರೆ ಸಾಕಿತ್ತು. ಇಷ್ಟು ಸಾಮಗ್ರಿ ಮಂಡ್ಯದ ಯಾವ ಕಚೇರಿಯಲ್ಲಿಲ್ಲ ಹೇಳಿ?

1940ರ ‘ದಿ ಶಾಪ್ ಅರೌಂಡ್ ದಿ ಕಾರ್ನರ್’ ನೋಡಿ. ಬುಡಾಪೆಸ್ಟಿನ ಅಂಗಡಿಯೊಂದರಲ್ಲಿ ಜೇಮ್ಸ್ ಸ್ಟುವರ್ಟ್, ಮಾರ್ಗರೆಟ್ ಸಲವನ್ ಹಗಲೆಲ್ಲ ಕಿತ್ತಾಡುತ್ತಾರೆ. ಹೆಸರು ಮುಚ್ಚಿಟ್ಟು ಕಾಗದ ಬರೆಯುವಾಗ ಮಾತ್ರ ಕರಗಿ ನೀರಾಗುತ್ತಾರೆ. 1990ರಲ್ಲಿ ಫಣಿ ರಾಮಚಂದ್ರರ ‘ಗಣೇಶನ ಮದುವೆ’ಯೂ ಇದೇ ಜಾತಿಯ ಆಟ ಹೂಡಿತು. ದಿನಾ ಜಗಳಕ್ಕೆ ಬರುವ ವಿನಯಾಪ್ರಸಾದೇ ತಾನು ಮೆಚ್ಚಿದ ಗಾಯಕಿಯೆಂದು ಅನಂತನಾಗ್‌ಗೆ ಗೊತ್ತಿಲ್ಲ. ಅಂಗಡಿ ಹೋಗಿ ವಠಾರ ಬಂತು, ಸಾಹೇಬರ ಜಾಗಕ್ಕೆ ಮನೆ ಮಾಲೀಕ ರಮಣಮೂರ್ತಿ ಬಂದರು. ಜಗಳ ಮಾತ್ರ ಜಾಗ ಬಿಡಲಿಲ್ಲ.

ಜಗಳವೆಂದರೆ ನೆನಪಾಯಿತು. ‘ಹಿಸ್ ಗರ್ಲ್ ಫ್ರೈಡೇ’ಯಲ್ಲಿ ಸಂಪಾದಕ ಕ್ಯಾರಿ ಗ್ರಾಂಟ್, ಅವನನ್ನು ಬಿಟ್ಟುಹೋದ ವರದಿಗಾರ್ತಿ ರೋಸಲಿಂಡ್ ರಸೆಲ್ ಒಬ್ಬರ ಮಾತಿನ ಮೇಲೊಬ್ಬರು ಮಾತು ಹೇರುವ ವೇಗಕ್ಕೆ ಲೋಕವೇ ಬೆರಗಾಗಿದೆ. ಮಂಡ್ಯದವರು ಬೆರಗಾಗರು. ಇಲ್ಲಿ ಕುಶಲ ವಿಚಾರಿಸುವುದೂ ಅದೇ ವೇಗದಲ್ಲಿ. ಗದರದ ಪ್ರೀತಿಯನ್ನು ಯಾರೂ ಅಷ್ಟಾಗಿ ನಂಬುವುದೂ ಇಲ್ಲ.

1957ರ ‘ಡೆಸ್ಕ್ ಸೆಟ್’ನಲ್ಲಿ ಸ್ಪೆನ್ಸರ್ ಟ್ರೇಸಿ ಆಫೀಸಿಗೆ ಕಂಪ್ಯೂಟರ್ ತರುತ್ತಾನೆ, ಕೆಲಸ ಹೋಯಿತೆಂದು ಕ್ಯಾಥರೀನ್ ಹೆಪ್‌ಬರ್ನ್ ಬಳಗ ಹೌಹಾರುತ್ತದೆ. ಕೊನೆಗೆ ಯಂತ್ರ ಕಂಪನಿಯ ಅಧ್ಯಕ್ಷರಿಗೂ ವಜಾ ಚೀಟಿ ಕೊಟ್ಟುಬಿಡುತ್ತದೆ! ನಮ್ಮ ಕೈಬರಹದ ಪಹಣಿಯನ್ನು ‘ಭೂಮಿ’ ಎಂಬ ಕಂಪ್ಯೂಟರ್ ವ್ಯವಸ್ಥೆ ನುಂಗಿದ ಮೇಲೆ ಅಂಥ ಅನಾಹುತವೇನೂ ಆಗಲಿಲ್ಲ. ‘ಸರ್ವರ್ ಡೌನ್’ ಎಂಬ ಹೊಸ ಬಿಡುವು ಹುಟ್ಟಿತು, ಅಷ್ಟೆ. ಕೌಂಟರಿನ ಹೊರಗೆ ರೈತರು ಶಾಪ ಹಾಕುತ್ತಿರುವಾಗ ಒಳಗೊಂದು ಟಿಫನ್ ಡಬ್ಬಿ ಪಕ್ಕದ ಮೇಜಿಗೆ ಮೆಲ್ಲಗೆ ಸರಿಯುತ್ತದೆ.

ಆ ಚಿತ್ರಗಳ ಸೊಗಸೂ ಕೆಲಸದ ನಡುವೆ ಹುಟ್ಟುವ ಇಂಥ ಒಲವಿನಲ್ಲೇ ಇದೆ. ಹೆಣ್ಣು ನೋಡುವ ದಿನ ಉಪ್ಪಿಟ್ಟಿನ ತಟ್ಟೆ ಹಿಡಿದವರೆಲ್ಲ ಸದ್ಗುಣಿಗಳೇ. ಮಾರ್ಚ್ ತಿಂಗಳ ಲೆಕ್ಕ ತಾಳೆಯಾಗದ ಸಂಜೆ ಯಾರು ಎಂಥವರೆಂದು ತಿಳಿಯುತ್ತದೆ. ಅಂಥ ಸಂಜೆಯ ಮೇಲೂ ಉಳಿದ ಒಲವಿಗೆ ಜಾತಕ ನೋಡಬೇಕಿಲ್ಲ.

ಬಿಲ್ಲಿ ವೈಲ್ಡರನ ‘ದಿ ಅಪಾರ್ಟ್‌ಮೆಂಟ್’ (1960) ಮುಗಿಯುವಾಗ ವಿಮಾ ಕಂಪನಿಯ ಗುಮಾಸ್ತ ಜ್ಯಾಕ್ ಲೆಮನ್ ಮನಸ್ಸು ಬಿಚ್ಚಿಡುತ್ತಾನೆ. ಅಲ್ಲೇ ಲಿಫ್ಟ್ ನಡೆಸುತ್ತಿದ್ದ ಶರ್ಲಿ ಮೆಕ್‌ಲೇನ್, ಬಾಯಿ ಮುಚ್ಚಿಕೊಂಡು ಇಸ್ಪೀಟೆಲೆ ಹಾಕೆನ್ನುತ್ತಾಳೆ. ಮಳವಳ್ಳಿಗೆ ಲಿಫ್ಟಿನ ಮಾತಿರಲಿ, ರೈಲೇ ಇಲ್ಲ. ಬಸ್ಸು ಹತ್ತಿ ಮದ್ದೂರಿಗೆ ಬಂದು ಬೆಂಗಳೂರಿನ ಗಾಡಿ ಹಿಡಿಯಬೇಕು. ಪಾಸಿನವರ ನೂಕುನುಗ್ಗಲಿನಲ್ಲಿ ಲೆಮನ್ ತೊದಲುತ್ತ ಅದನ್ನೇ ಹೇಳಿದ್ದರೂ ಉತ್ತರವೇನೂ ಬದಲಾಗುತ್ತಿರಲಿಲ್ಲ:

“ಆಯ್ತು ಬುಡಿ, ಮೊದ್ಲು ವಡೆ ತಿನ್ನಿ. ರೈಲು ಬಂದ್ಬುಡ್ತದೆ.”